ಕಾಯುವವರ ಚರಿತ್ರೆ: ಕೋಲಾರದ ಆಳದಿಂದ ಹಿಂಗೋಲಿಯವರೆಗೆ



ಕಳೆದ ದಸರೆಯ ಸಂಜೆ ಬನ್ನಿ ಕೊಡಲು ಬಂದವರಲ್ಲಿ ಮುಂಡರಗಿ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿಯೂ ಇದ್ದ. ನಾನು ಶಿರಹಟ್ಟಿಯಲ್ಲಿದ್ದಾಗ ಎಂಟನೆಯ ಇಯತ್ತೆಯಿಂದ ಹತ್ತರವರೆಗೆ ನನ್ನ ಬಳಿ ಓದಿದವನು. ಈಗ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳ ದುರಸ್ತಿಯ ಕೆಲಸದಲ್ಲಿದ್ದಾನೆ. "ಬಂಗಾರದ್ಹಂಗ ಇರೋಣ್ರಿ ಸರ" ಎಂದು ಕಾಲಿಗೆರಗಿ ಕುಳಿತವನು ಚಹಾ ಕುಡಿಯುತ್ತ ಒಂದು ಮಾತನ್ನಾಡಿದ. "ಸರ, ನಿಮ್ಮ ಕೈಯಾಗ ಕಲ್ತವ್ರು ಎಲ್ಲೆಲ್ಲೋ ಹೋಗಿ ಏನೇನೋ ಸಾಧಿಸ್ಯಾರ. ನಂದೇನೈತ್ರಿ? ಫ್ಯಾನ್ ಕೆಟ್ರ ಮ್ಯಾಲೆ ಹತ್ತೂದು, ರಿಪೇರಿ ಮಾಡೂದು, ಇಳಿಯೂದು. ಹೊಸಾದೇನೂ ಮಾಡಿಲ್ಲ ನೋಡ್ರಿ."

ಯಾವ ಕೆಲಸವೂ ಸಣ್ಣದಲ್ಲ ಎಂಬ, ಮಾಸ್ತರರು ಸಾಮಾನ್ಯವಾಗಿ ಹೇಳುವ ಮಾತನ್ನು ನಾನೂ ಹೇಳಿ ಕಳಿಸಿದೆ. ಆದರೆ ಅವನು ಹೋದ ಮೇಲೆ ಆ ಉತ್ತರ ನನಗೇ ಪೊಳ್ಳೆನಿಸಿತು. ಮೂರು ದಶಕಗಳಿಗೂ ಮೇಲ್ಪಟ್ಟು ವಿಜ್ಞಾನ ಕಲಿಸಿದ ನಾನು ತರಗತಿಯಲ್ಲಿ ಹೇಳಿದ್ದೆಲ್ಲ ಕಂಡುಹಿಡಿದವರ ಹೆಸರುಗಳನ್ನು. ಕಾಯ್ದವರ ಬಗೆಗೆ, ಕೆಟ್ಟದ್ದನ್ನು ಸರಿಪಡಿಸಿದವರ ಬಗೆಗೆ ಒಂದು ದಿನವೂ ಪಾಠ ಮಾಡಿದ್ದು ನೆನಪಿಲ್ಲ. ಹೀಗಿರುವಾಗ ಆ ಹುಡುಗ ತನ್ನ ಕೆಲಸವನ್ನು ಹಗುರವಾಗಿ ಕಂಡರೆ ಅದರಲ್ಲಿ ನನ್ನ ಪಾಲೂ ಉಂಟಷ್ಟೆ. ಆದುದರಿಂದ ಈ ಲೇಖನ ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ನಮ್ಮದೇ ಶಾಲೆಯ ಒಂದು ಪ್ರಸಂಗ. ಬೆಟಗೇರಿಯಲ್ಲಿ ನನ್ನ ಬಳಿ ಓದಿದವರಿಗೆ ಪ್ರಯೋಗಶಾಲೆಯ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ನೆನಪಿರಬಹುದು. ಒಂದು ವರ್ಷ ಅದರ ಮುಳ್ಳು ನಿಲ್ಲಲೊಲ್ಲದು. ಸದಾ ಸಣ್ಣಗೆ ನಡುಗುತ್ತಿತ್ತು. ನಾನು ತಿರುಪುಗಳನ್ನು ತಿರುವಿದೆ, ಪರಡಿಗಳನ್ನು ಒರೆಸಿದೆ, ಕಡೆಗೆ ತಕ್ಕಡಿಯೇ ಹಳೆಯದಾಯಿತೆಂದು ಷರಾ ಬರೆಯಲು ಸಿದ್ಧನಾದೆ. ಆಗ ನಮ್ಮ ಅಟೆಂಡರ್ ಹೇಳಿದರು: "ಸರ, ಕರೆಂಟ್ ಹೋದಾಗ ಮುಳ್ಳು ಸುಮ್ಮನ ನಿಂದರತೈತ್ರಿ." ತಕ್ಕಡಿಗೂ ವಿದ್ಯುತ್ತಿಗೂ ಏನು ಸಂಬಂಧವೆಂದು ನಾನು ನಕ್ಕೆ. ಅವರು ನಗಲಿಲ್ಲ. ಗೋಡೆಯಾಚೆಯ ಓಣಿಯಲ್ಲಿ ವಿದ್ಯುತ್ ಮಗ್ಗಗಳಿದ್ದವು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತಿತ್ತು, ಮಗ್ಗ ನಿಂತರೆ ನೆಲದ ಅದಿರಾಟ ನಿಲ್ಲುತ್ತಿತ್ತು. ಮರುದಿನ ಅವರು ತಕ್ಕಡಿಯನ್ನು ಗೋಡೆಯಿಂದ ದೂರ ಸರಿಸಿ, ಉಸುಕಿನ ಮೇಲೆ ಹಾಸಿದ ಕಲ್ಲುಚಪ್ಪಡಿಯ ಮೇಲೆ ಕೂಡ್ರಿಸಿದರು. ಮುಳ್ಳು ನಿಂತಿತು. ಆ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳು ಪ್ರಯೋಗಶಾಲೆಯ ಅಚ್ಚುಕಟ್ಟನ್ನು ಹೊಗಳಿದಾಗ ಆ ಹೊಗಳಿಕೆಯನ್ನು ಸ್ವೀಕರಿಸಿದವನು ನಾನು. ಅಟೆಂಡರ್ ಬಾಗಿಲ ಬಳಿ ನಿಂತಿದ್ದರು. ಈ ಮಾತನ್ನು ಮತ್ತೆ ಕೊನೆಯಲ್ಲಿ ಹೇಳುವೆ.

ಈಗ ಚರಿತ್ರೆಗೆ ಬರೋಣ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲಿನಲ್ಲಿ ಬಂಗಾರವಿದೆಯೆಂಬುದು ನಮ್ಮ ಹಿರಿಯರಿಗೆ ತಿಳಿದಿದ್ದ ಸಂಗತಿ. ಮಳೆಗಾಲ ಕಳೆದ ಮೇಲೆ ಡೋಣಿಯ ಹಳ್ಳ, ಸೊರಟೂರಿನ ಹಳ್ಳಗಳ ಉಸುಕನ್ನು ಮರದ ಮರಿಗೆಯಲ್ಲಿ ತೊಳೆದು ಬಂಗಾರದ ಕಣಗಳನ್ನು ಹೆಕ್ಕುವ ಜಾಲಗಾರರು ಈ ಸೀಮೆಯಲ್ಲಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳೂ ಇಲ್ಲಿ ಗಣಿ ತೋಡಿ ನೋಡಿದವು. ಲಾಭ ಕಾಣದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ನಮ್ಮ ಗಣಿಗಳು ಹೀಗೆ ಆಳಕ್ಕಿಳಿಯದೆ ನಿಂತವು. ಆದರೆ ಇದೇ ಬಗೆಯ ಪ್ರಾಚೀನ ಶಿಲೆಗಳಲ್ಲಿ ಬಂಗಾರವಿದ್ದ ಕೋಲಾರದಲ್ಲಿ ಕಥೆ ಬೇರೆಯಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ಗಣಿ ಇಳಿಯುತ್ತ ಇಳಿಯುತ್ತ ಮೂರು ಕಿಲೋಮೀಟರಿಗೂ ಮೀರಿ ಆಳವಾಗಿ, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಯಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತಿತ್ತು.

ಬಂಗಾರಕ್ಕೆಂದು ತೋಡಿದ ಈ ಆಳವೇ ವಿಜ್ಞಾನಿಗಳಿಗೆ ಬೇಕಾಯಿತು. ಅದಕ್ಕೆ ಕಾರಣವನ್ನು ಸರಳವಾಗಿ ಹೇಳುತ್ತೇನೆ. ಆಕಾಶದಿಂದ ವಿಶ್ವಕಿರಣಗಳು ಸದಾ ಭೂಮಿಗೆ ಸುರಿಯುತ್ತಿರುತ್ತವೆ. ಅವು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯುವಾನ್ ಎಂಬ ಕಣಗಳು ನೆಲದವರೆಗೂ ಬರುತ್ತವೆ. ನೀವು ಅಂಗೈ ಚಾಚಿ ಕುಳಿತರೆ ಸೆಕೆಂಡಿಗೆ ಒಂದರಂತೆಯಾದರೂ ಅವು ಅಂಗೈಯನ್ನು ಹಾದುಹೋಗುತ್ತಿರುತ್ತವೆ. ಸೋನೆಮಳೆ ಸುರಿಯುವಾಗ ಒಂದು ಎಲೆಯುದುರಿದ ಸದ್ದನ್ನು ಕೇಳುವುದು ಹೇಗೆ ಸಾಧ್ಯ? ಅಪರೂಪದ ಕಣವನ್ನು ಹುಡುಕಬೇಕಾದರೆ ಈ ಮಳೆ ತಾಗದ ಕಡೆ ಹೋಗಬೇಕು. ಕೋಲಾರದ ಬಂಡೆ ಅಂಥ ಮಾಡಾಯಿತು.

ಈ ಕಾರ್ಯಕ್ಕೆ ಮೊದಲು ಇಳಿದವರಲ್ಲಿ ಪ್ರಮುಖರು ನಮ್ಮ ನಾಡಿನವರೇ ಆದ ಬಿ.ವಿ. ಶ್ರೀಕಂಠನ್ (1925–2019). ಹೋಮಿ ಭಾಭಾ ಅವರ ಮಾರ್ಗದರ್ಶನದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ, 1950ರ ದಶಕದ ಆರಂಭದಲ್ಲಿ ಅವರು ಗಣಿಯೊಳಗೆ ಮ್ಯುವಾನ್‌ಗಳನ್ನು ಎಣಿಸುವ ಉಪಕರಣಗಳನ್ನು ಇಳಿಸಿದರು. ಮುಂದೆ 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರೂ ಆದರು. ಅರವತ್ತರ ದಶಕದ ಮೊದಲಲ್ಲಿ ಜಪಾನಿನ ಎಸ್. ಮಿಯಾಕೆ ಮತ್ತು ಟಾಟಾ ಸಂಸ್ಥೆಯ ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿಯವರು ಇನ್ನೂ ಕೆಳಕ್ಕೆ, ಸುಮಾರು 2,760 ಮೀಟರ್ ಆಳಕ್ಕೆ ಎಣಿಕೆಯಂತ್ರಗಳನ್ನು ಒಯ್ದರು. ಅಲ್ಲಿ ಸುಮಾರು ಎರಡು ತಿಂಗಳು ಕಾಯ್ದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಎರಡು ತಿಂಗಳ ಸೊನ್ನೆಯನ್ನು ನೀವು ನಂಬುವಿರಾ? ಯಂತ್ರ ಸುಮ್ಮನಿದೆಯೆಂದರೆ ಎರಡು ಅರ್ಥ ಸಾಧ್ಯ. ಕಣ ಬರಲಿಲ್ಲ ಎಂಬುದು ಒಂದು. ಕಣ ಬಂದಿತು, ಆದರೆ ಯಂತ್ರ ಕೆಟ್ಟಿತ್ತು ಎಂಬುದು ಇನ್ನೊಂದು. ಸತ್ತ ಯಂತ್ರವೂ ಸುಮ್ಮನಿರುತ್ತದೆ, ಎಚ್ಚರದ ಯಂತ್ರವೂ ಸುಮ್ಮನಿರುತ್ತದೆ. ಇವೆರಡರ ಅಂತರವನ್ನು ಹೇಳಬಲ್ಲವನು ಪ್ರತಿದಿನ ಯಂತ್ರವನ್ನು ಪರೀಕ್ಷಿಸಿ ದಿನಚರಿಯಲ್ಲಿ ಬರೆದಿಟ್ಟವನು ಮಾತ್ರ. ಬಂಡೆಯೊಳಗಿನ ಸಹಜ ವಿಕಿರಣದಿಂದ ಒಂದೊಂದು ಗಣಕವೂ ತನ್ನಷ್ಟಕ್ಕೆ ಆಗಾಗ ಮಿಡಿಯುತ್ತಿರುತ್ತದೆ. ಆ ಮಿಡಿತದ ವೇಗ ನಿನ್ನೆಯಷ್ಟೇ ಇದೆಯೇ, ವಿದ್ಯುತ್ತಿನ ಒತ್ತಡ ಇಳಿದಿದೆಯೇ, ತೇವ ಹೊಕ್ಕು ತಂತಿಯಲ್ಲಿ ಸೋರಿಕೆಯಾಗಿದೆಯೇ ಎಂದು ನೋಡುತ್ತಿರಬೇಕು. ಅಂಥ ಲೆಕ್ಕ ಬೆನ್ನಿಗಿದ್ದಾಗ ಮಾತ್ರ ಸೊನ್ನೆ ಎಂಬುದು ಜ್ಞಾನವಾಗುತ್ತದೆ; ಇಲ್ಲವಾದರೆ ಅದು ಬರಿಯ ಅಜ್ಞಾನ.

ಆ ಸೊನ್ನೆಯನ್ನು ನಂಬಿಯೇ ಮುಂದಿನ ಹೆಜ್ಜೆ ಇಡಲಾಯಿತು. ಮ್ಯುವಾನ್‌ಗಳೇ ಇಳಿಯದ ಆಳದಲ್ಲಿ ಪಕ್ಕದಿಂದಲೋ ಕೆಳಗಿನಿಂದಲೋ ಒಂದು ಮ್ಯುವಾನ್ ಬಂದರೆ, ಅದು ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ್ದೇ ಆಗಿರಬೇಕು. ಭೂಮಿಯನ್ನೇ ಹಾದುಬರಬಲ್ಲ ಕಣ ನ್ಯೂಟ್ರಿನೊ. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಹ್ಯಾಮ್ ವಿಶ್ವವಿದ್ಯಾಲಯ ಕೂಡಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಎರಡು ಶೋಧಕಗಳನ್ನು ನಿಲ್ಲಿಸಿದವು. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಫಲಕಗಳು, ಜಾಡನ್ನು ಬೆಳಗಿ ತೋರಿಸುವ ನಿಯಾನ್ ನಳಿಕೆಗಳು, ಆ ಬೆಳಕನ್ನು ಹಿಡಿಯುವ ಕ್ಯಾಮೆರಾಗಳು ಅವುಗಳಲ್ಲಿದ್ದವು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಸುಳಿವು ಅಲ್ಲಿ ದೊರಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಬಂಗಾರದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇಂಥದೇ ಸುಳಿವನ್ನು ಪಡೆಯಿತು. ಕೋಲಾರದ ತಂಡದ ಪ್ರಬಂಧ 1965ರ ಆಗಸ್ಟ್ 15ರ ಸಂಚಿಕೆಯಲ್ಲಿ ಪ್ರಕಟವಾಯಿತು; ರೈನ್ಸ್ ತಂಡದ್ದು ಅದೇ ತಿಂಗಳ 30ರಂದು.

ತರುವಾಯ 1980ರಲ್ಲಿ ಅದೇ ಆಳದಲ್ಲಿ 140 ಟನ್ ತೂಕದ ಇನ್ನೊಂದು ಶೋಧಕ ಎದ್ದಿತು. ಪ್ರೋಟಾನ್ ಎಂಬ ಮೂಲಕಣ ಎಂದಾದರೂ ತಾನಾಗಿಯೇ ಒಡೆಯುವುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಕಟ್ಟಿದ್ದು. ಕಬ್ಬಿಣದ ಹಲಗೆಗಳ ನಡುವೆ ಅನಿಲ ತುಂಬಿದ ಚೌಕ ಕೊಳವೆಗಳ 34 ಸಾಲುಗಳು. ಕೊಳವೆಗೆ ಹೊರಗಿನ ಗಾಳಿ ತುಸು ಸೇರಿದರೂ ಅದು ಕುರುಡಾಗುತ್ತದೆ. ಅಂಥ ಕೊಳವೆಗಳು ಅಲ್ಲಿ ಸುಮಾರು 1,600. ಅಷ್ಟು ದೊಡ್ಡ ಶೋಧಕಕ್ಕೆ ಮೇಲಿನಿಂದ ಇಳಿಯುತ್ತಿದ್ದ ಮ್ಯುವಾನ್‌ಗಳು ದಿನಕ್ಕೆ ಎರಡರಷ್ಟು ಮಾತ್ರ. ಅಲ್ಲಿಗೆ ಹೋಗುವ ದಾರಿಯೆಂದರೆ ಗಣಿಕಾರ್ಮಿಕರು ಇಳಿಯುವ ಪಂಜರವೇ. ಬಂಡೆ ಸಿಡಿಯುವ ಅಪಾಯ ಕೋಲಾರದ ಗಣಿಯಲ್ಲಿ ಎಂದೂ ಇದ್ದೇ ಇತ್ತು. ಪ್ರೋಟಾನ್ ಒಡೆದಿರಬಹುದೆಂದು ತೋರುವ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತಾದರೂ ಅಮೆರಿಕ ಮತ್ತು ಜಪಾನಿನ ಹೆಚ್ಚು ದೊಡ್ಡ ಶೋಧಕಗಳು ಅದನ್ನು ಸಮರ್ಥಿಸಲಿಲ್ಲ. ಇಂದಿಗೂ ಪ್ರೋಟಾನ್ ಒಡೆದದ್ದನ್ನು ಖಚಿತವಾಗಿ ಕಂಡವರಿಲ್ಲ. ವಿಜ್ಞಾನದಲ್ಲಿ ಇದು ಅವಮಾನವಲ್ಲ.

ಆದರೆ ಮುಂದಿನದು ನನ್ನನ್ನು ಕಾಡುವ ಸಂಗತಿ. ಕೋಲಾರದ ಬಂಗಾರ ಕಡಿಮೆಯಾಗಿ, ತೆಗೆಯುವ ಖರ್ಚು ಏರಿ, ಆಳದ ಹಂತಗಳನ್ನು ಮುಚ್ಚುತ್ತ ಬಂದರು. ಗಣಿಯನ್ನು ಜೀವಂತವಾಗಿಟ್ಟಿದ್ದವು ನೀರೆತ್ತುವ ಪಂಪುಗಳು, ಗಾಳಿ ಹಾಯಿಸುವ ಯಂತ್ರಗಳು, ಪಂಜರವನ್ನು ಏರಿಳಿಸುವ ಉಕ್ಕಿನ ಹಗ್ಗಗಳು ಮತ್ತು ಇವನ್ನೆಲ್ಲ ಮೂರೂ ಪಾಳಿಗಳಲ್ಲಿ ನೋಡಿಕೊಳ್ಳುತ್ತಿದ್ದ ಸಾವಿರಾರು ಕಾರ್ಮಿಕರು. ಗಣಿಯೇ ಹಿಂದೆಗೆಯುತ್ತಿದ್ದಾಗ ಪ್ರಯೋಗಶಾಲೆ ಒಂಟಿಯಾಗಿ ನಿಲ್ಲಲಾರದಾಯಿತು. 1992ರ ವೇಳೆಗೆ ಪ್ರಯೋಗಗಳು ಕೊನೆಗೊಂಡವು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಆ ಆಳಗಳಲ್ಲಿ ನೀರು ತುಂಬಿತು. ನಾಲ್ಕು ದಶಕಗಳ ಆ ವಿದ್ಯೆ ಭಾಭಾ ಅವರ ಹೆಸರಿನ ಮೇಲೆ ಎಷ್ಟು ನಿಂತಿತ್ತೋ, ಪಂಪು ನಡೆಸಿದವನ ಕೈಯ ಮೇಲೂ ಅಷ್ಟೇ ನಿಂತಿತ್ತೆಂಬುದು ಆ ಕೈ ಹಿಂದೆಗೆದಾಗ ತಿಳಿಯಿತು.

ಕೋಲಾರದವರು ಬಂಡೆಯ ಮರೆಯಲ್ಲಿ ಕಣಕ್ಕಾಗಿ ಕಾಯುತ್ತಿದ್ದ ಕಾಲದಲ್ಲಿಯೇ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೆಬರ್ ಎಂಬವರು ಇನ್ನೊಂದು ಅಪರೂಪದ ಅತಿಥಿಗಾಗಿ ಕಾಯುತ್ತಿದ್ದರು. ಭಾರಿ ಕಾಯಗಳು ಒಂದನ್ನೊಂದು ಸುತ್ತಿ ಡಿಕ್ಕಿ ಹೊಡೆದಾಗ ಅವಕಾಶವೇ ಅಲೆಯಂತೆ ಕಂಪಿಸುತ್ತದೆ ಎಂಬುದು ಐನ್‌ಸ್ಟೈನರ ಸಿದ್ಧಾಂತದಿಂದ ಹೊರಡುವ ಮಾತು. ಈ ಗುರುತ್ವ ತರಂಗಗಳನ್ನು ಅಲ್ಯುಮಿನಿಯಮ್ ಸ್ತಂಭಗಳಿಂದ ಹಿಡಿದೆನೆಂದು ವೆಬರ್ 1969ರಲ್ಲಿ ಸಾರಿದರು. ಉಳಿದವರ ಉಪಕರಣಗಳಿಗೆ ಅದು ಸಿಕ್ಕಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ್ದ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ (1938–2017) ಅವರು 1970ರಲ್ಲಿ, ಕಪ್ಪುಕುಳಿಯನ್ನು ಕದಡಿದರೆ ಅದು ಬಡಿದ ಗಂಟೆಯಂತೆ ಕ್ರಮೇಣ ಕ್ಷೀಣಿಸುವ ನಾದವನ್ನು ಹೊರಡಿಸುತ್ತದೆಂದು ಗಣಿತದಿಂದ ತೋರಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿಬೆಳೆಸಿದ ವಿಶ್ವೇಶ್ವರ ಇವರೇ.

ಆ ನಾದವನ್ನು ಕೇಳಲು ಜಗತ್ತು ಇನ್ನೂ 45 ವರ್ಷ ಕಾಯಬೇಕಾಯಿತು. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿ ಲೈಗೊ ಎಂಬ ಅವಳಿ ಶೋಧಕಗಳಿವೆ. ಕಾಟಕೋನದಲ್ಲಿ ಚಾಚಿದ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ನಿರ್ವಾತ ಕೊಳವೆಗಳು; ಅವುಗಳ ಕೊನೆಗೆ ಗಾಜಿನ ಎಳೆಗಳಲ್ಲಿ ತೂಗುಬಿಟ್ಟ 40 ಕಿಲೋ ತೂಕದ ಕನ್ನಡಿಗಳು; ಅವುಗಳ ನಡುವೆ ಹೋಗಿಬರುವ ಲೇಸರ್ ಬೆಳಕು. ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು ಉದ್ದ ಬದಲಾದರೂ ಅದು ತಿಳಿಯಬೇಕು. ಹಾಗಾದ ಮೇಲೆ ಅಲ್ಲಿ ತೊಂದರೆ ಕೊಡದ ವಸ್ತುವೇ ಇಲ್ಲ. ದೂರದ ರೈಲು, ಕಾಡಿನಲ್ಲಿ ಉರುಳಿದ ಮರ, ಗಾಳಿ, ಕಡಲಿನ ತೆರೆ, ಎಲ್ಲವೂ ಕನ್ನಡಿಯನ್ನು ತಟ್ಟುತ್ತವೆ. ಬೆಟಗೇರಿಯ ಮಗ್ಗ ನಮ್ಮ ತಕ್ಕಡಿಯನ್ನು ತಟ್ಟಿದಂತೆಯೇ. ಕಪ್ಪತಗುಡ್ಡದ ಗಾಳಿಯಂತ್ರಗಳ ನೆರೆಯಲ್ಲಿ ಅಂಥದನ್ನು ಕಟ್ಟಲಾಗದು; ತಿರುಗುವ ಯಂತ್ರಗಳ ಸಣ್ಣ ಕಂಪನ ನೆಲದಲ್ಲಿ ಬಹುದೂರ ಸಾಗುತ್ತದೆ.

ಇಲ್ಲಿ ಕೋಲಾರದ ಕಷ್ಟ ತಿರುವುಮುರುವಾಗಿದೆ. ಅಲ್ಲಿ ಮೌನವನ್ನು ನಂಬುವುದು ಕಷ್ಟವಾಗಿತ್ತು. ಇಲ್ಲಿ ಸದ್ದನ್ನು ನಂಬುವುದು ಕಷ್ಟ. ಕ್ರಮವಾಗಿ ಮಂಗಳವಾರಗಳಂದು ಶೋಧಕವನ್ನು ಕೆಲವು ತಾಸು ನಿಲ್ಲಿಸಿ ದುರಸ್ತಿಯ ಕೆಲಸ ಮಾಡುತ್ತಾರೆ. ಬಂದ ಪ್ರತಿಯೊಂದು ವಿಚಿತ್ರ ಸದ್ದನ್ನೂ ಬೆನ್ನಟ್ಟುತ್ತಾರೆ. 2017ರಲ್ಲಿ ಹ್ಯಾನ್‌ಫರ್ಡಿನಲ್ಲಿ ಹೀಗೆ ಒಂದು ಒಗಟಿನ ಸದ್ದು ಬಂತು. ಹುಡುಕುತ್ತ ಹೋದವರಿಗೆ ಕಂಡದ್ದೇನು? ದ್ರವ ಸಾರಜನಕದ ವ್ಯವಸ್ಥೆಯ ಕೊಳವೆಯ ಮೇಲೆ ಕಟ್ಟಿದ ಮಂಜನ್ನು ಬಾಯಾರಿದ ಕಾಡುಕಾಗೆಗಳು ಕುಕ್ಕುತ್ತಿದ್ದವು! ಮಂಜಿನ ಮೇಲೆ ಕೊಕ್ಕಿನ ಗುರುತುಗಳೂ ಇದ್ದವು. ಮಂಜು ಕಟ್ಟದಂತೆ ಏರ್ಪಾಡು ಮಾಡಿದ ಮೇಲೆ ಒಗಟು ಬಿಡಿಸಿತು.

2015ರ ಸೆಪ್ಟೆಂಬರ್ 14ರ ಬೆಳಗಿನ ಜಾವವನ್ನೇ ನೋಡಿರಿ. ಲಿವಿಂಗ್‌ಸ್ಟನ್‌ನಲ್ಲಿ ರಾಬರ್ಟ್ ಸ್ಕೋಫೀಲ್ಡ್ ಮತ್ತು ಅನಾಮರಿಯಾ ಎಫ್ಲರ್ ಎಂಬಿಬ್ಬರು ಇಡೀ ರಾತ್ರಿ ಬೇಕೆಂದೇ ಸದ್ದುಗಳನ್ನೆಬ್ಬಿಸಿ, ಶೋಧಕ ಅವಕ್ಕೆ ಹೇಗೆ ಮಿಡಿಯುತ್ತದೆಂದು ಪರೀಕ್ಷಿಸುತ್ತಿದ್ದರು. ಬಳಲಿ ಕೆಲಸ ನಿಲ್ಲಿಸಿ ಅವರು ಮನೆಗೆ ಹೊರಟ ಸ್ವಲ್ಪ ಹೊತ್ತಿಗೆ, ಅಲ್ಲಿನ 4 ಗಂಟೆ 50 ನಿಮಿಷಕ್ಕೆ, ನಮ್ಮಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷವಾಗಿದ್ದಾಗ, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದ ಅಲೆ ಭೂಮಿಯನ್ನು ಹಾದುಹೋಯಿತು. ಅದು ಇದ್ದದ್ದು ಸೆಕೆಂಡಿನ ಐದನೆಯ ಒಂದು ಪಾಲು. ಪ್ರಕಟಿಸಿದ್ದು 2016ರ ಫೆಬ್ರುವರಿ 11ರಂದು. ನಡುವಿನ ಐದು ತಿಂಗಳು ನಡೆದದ್ದು ಬಹುಮಟ್ಟಿಗೆ ಇದು ಕಾಗೆಯಲ್ಲ, ರೈಲಲ್ಲ, ಯಾರೂ ಪರೀಕ್ಷೆಗೆಂದು ಸೇರಿಸಿದ ಹುಸಿ ಸಂಕೇತವಲ್ಲ ಎಂದು ಖಚಿತಪಡಿಸಿಕೊಳ್ಳುವ ಕೆಲಸ. ಪ್ರತಿ ಸದ್ದಿನ ದಿನಚರಿ ಇದ್ದುದರಿಂದಲೇ ಅದು ಸಾಧ್ಯವಾಯಿತು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಅಲೆ ಬಂದಾಗಲೂ ಹೀಗೆಯೇ. ಅಲೆಯ ಕೊನೆಗೆ ಒಂದು ಸೆಕೆಂಡಿನಷ್ಟು ಮುಂಚೆ ಲಿವಿಂಗ್‌ಸ್ಟನ್ ಶೋಧಕ ಒಮ್ಮೆ ಬಿಕ್ಕಿತು. ಆ ಬಿಕ್ಕಿನ ಸ್ವಭಾವವನ್ನು ಬಲ್ಲವರಿದ್ದುದರಿಂದ ಅದನ್ನು ಬೇರ್ಪಡಿಸಿ ಅಲೆಯನ್ನು ಉಳಿಸಿಕೊಂಡರು. ವಿಶ್ವೇಶ್ವರ ಅವರು ತಾವು ಲೆಕ್ಕಹಾಕಿದ್ದ ನಾದದ ಸುದ್ದಿಯನ್ನು ತಮ್ಮ ಬಾಳಿನ ಕೊನೆಯ ವರ್ಷದಲ್ಲಿ ಕೇಳಿದರು; 2017ರ ಜನವರಿ 16ರಂದು ತೀರಿಕೊಂಡರು.

ಈಗ ಈ ಬಗೆಯ ಶೋಧಕ ನಮ್ಮ ನೆರೆಗೇ ಬರುತ್ತಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ನಾಗನಾಥ ಜ್ಯೋತಿರ್ಲಿಂಗದಿಂದ ಪ್ರಸಿದ್ಧವಾದ ಔಂಢಾದ ಬಳಿ, ಲೈಗೊ-ಇಂಡಿಯಾ ಯೋಜನೆಗೆ 2016ರಲ್ಲಿ ತಾತ್ವಿಕ ಒಪ್ಪಿಗೆಯೂ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿಗಳ ಮಂಜೂರಾತಿಯೂ ದೊರೆತಿವೆ. ಕಟ್ಟಲು ಹಣ ಬೇಕು, ನಿಜ. ಕಟ್ಟಿದ ಮೇಲೆ ಪ್ರತಿದಿನ ನೋಡಿಕೊಳ್ಳುವ ಜನ ಬೇಕು. ನಿರ್ವಾತ ಕೊಳವೆಯ ಸೋರಿಕೆ ಹುಡುಕುವವರು, ಪಂಪಿನ ಸದ್ದು ನಿನ್ನೆಗಿಂತ ಬೇರೆಯಾಯಿತೆಂದು ಕಿವಿಯಿಂದಲೇ ಅರಿಯುವವರು, ಕಂಡದ್ದನ್ನು ಕಂಡಂತೆ ಬರೆದಿಡುವವರು. ಅಂಥವರು ಪದವಿಯಿಂದಷ್ಟೇ ತಯಾರಾಗುವುದಿಲ್ಲ. ಕೋಲಾರದ ಚರಿತ್ರೆ ಈ ವಿಷಯದಲ್ಲಿ ನಮಗೆ ಹೆಮ್ಮೆಯೂ ಹೌದು, ಎಚ್ಚರಿಕೆಯೂ ಹೌದು.

ಮುಂಡರಗಿಯ ನನ್ನ ಪ್ರಿಯ ವಿದ್ಯಾರ್ಥಿಯೇ, ಈಗ ನಿನಗೆ ಹೇಳಬೇಕಾದ ಮಾತು. ನಮ್ಮ ಡೋಣಿಯ ಜಾಲಗಾರ ಬಂಗಾರವನ್ನು ಸೃಷ್ಟಿಸುತ್ತಿರಲಿಲ್ಲ. ಉಸುಕನ್ನು ದಿನವೂ ತೊಳೆಯುತ್ತಿದ್ದ; ಯಾವುದು ಉಸುಕು ಎಂಬುದನ್ನು ಚೆನ್ನಾಗಿ ಬಲ್ಲವನಾದುದರಿಂದ ಬಂಗಾರ ಬಂದಾಗ ಗುರುತಿಸುತ್ತಿದ್ದ. ನೀನು ಗಾಳಿಯಂತ್ರದ ಮೇಲೆ ಹತ್ತಿ, ಇಂದಿನ ಸದ್ದು ನಿನ್ನೆಯ ಸದ್ದಿನಂತಿಲ್ಲ ಎಂದು ಅರಿಯುವೆಯಲ್ಲ, ಅದು ಕೋಲಾರದಲ್ಲಿ ಎರಡು ತಿಂಗಳ ಸೊನ್ನೆಯನ್ನು ಕಾಯ್ದವರ ವಿದ್ಯೆಯೇ. ಹೊಸದೇನೂ ಮಾಡಿಲ್ಲವೆಂದು ಇನ್ನು ಮೇಲೆ ಹೇಳಬೇಡ. ಮುಂದಿನ ಸಲ ಬರುವಾಗ ಕೆಟ್ಟ ಯಂತ್ರದ ಕಾರಣವನ್ನು ನೀನು ಹೇಗೆ ಪತ್ತೆಮಾಡಿದೆ ಎಂಬ ಒಂದು ಕಥೆಯನ್ನು ತಾ. ನಾನು ಕುಳಿತು ಕೇಳುತ್ತೇನೆ.

ಕೊನೆಗೆ, ಬಾಕಿಯಿಟ್ಟ ಮಾತು. ನಮ್ಮ ಅಟೆಂಡರ್ ಈಗಿಲ್ಲ. ಹೆಸರು ಬರೆಯದಿದ್ದರೂ ಬೆಟಗೇರಿಯಲ್ಲಿ ಓದಿದ ನೀವೆಲ್ಲರೂ ಅವರನ್ನು ಬಲ್ಲಿರಿ. ತಕ್ಕಡಿಯನ್ನು ಸರಿಮಾಡಿದವರು ನಾನಲ್ಲ, ಅವರು. ಅಂದು ಅಧಿಕಾರಿಗಳೆದುರು ಹೇಳಬೇಕಾಗಿದ್ದ ಈ ಒಂದು ವಾಕ್ಯವನ್ನು ಇಂದು ನಿಮ್ಮೆದುರು ಹೇಳುತ್ತಿದ್ದೇನೆ.